ನೆರವಿಗೂ ಒಂದು ಸರದಿ ಬೇಕು



ಯಾರಿಗಾದರೂ ಕಷ್ಟ ಬಂತು ಅಂದರೆ ನಾವು ಹೆಂಗಸರು ಸುಮ್ಮನೆ ಕೂರುವವರಲ್ಲ. ಪಕ್ಕದ ಮನೆಯಲ್ಲಿ ಸಾವಾದರೆ ನಮ್ಮ ಒಲೆಯ ಮೇಲೆ ಅವರಿಗೂ ಸೇರಿಸಿ ಅನ್ನಕ್ಕೆ ಇಡುತ್ತೇವೆ. ಬಾಣಂತಿ ಮನೆಗೆ ಬಿಸಿನೀರು ಕಾಯಿಸಲು ಸೌದೆ ಇದೆಯೋ ಇಲ್ಲವೋ ನೋಡಿ ಬರುತ್ತೇವೆ. ಇದನ್ನು ಯಾರೂ ತರಬೇತಿ ಕೊಟ್ಟು ಕಲಿಸಿದ್ದಲ್ಲ, ಅಮ್ಮ ಅಜ್ಜಿಯರನ್ನು ನೋಡಿ ಬಂದದ್ದು. ಆದರೆ ಒಂದು ಪ್ರಶ್ನೆ. ಆ ಒಳ್ಳೆಯ ಮನಸ್ಸು ಎಷ್ಟು ದಿನ ನಡೆಯುತ್ತದೆ? ಮೊದಲ ವಾರ ಕಳೆದ ಮೇಲೆ ಆ ಮನೆಯ ಒಲೆ ಉರಿಯುತ್ತಿದೆಯೇ ಅಂತ ನೋಡುವವರು ಯಾರು?

ಈ ಪ್ರಶ್ನೆ ನನಗೆ ಪುಸ್ತಕ ಓದಿ ಬಂದದ್ದಲ್ಲ. ನಾನೇ ಮಾಡಿದ ಒಂದು ತಪ್ಪಿನಿಂದ ಬಂತು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

2022ರ ಡಿಸೆಂಬರ್‌ನಲ್ಲಿ ನಾನು ನೋಡಿಕೊಳ್ಳುತ್ತಿದ್ದ ಮಲೆನಾಡಿನ ಒಂದು ಸಂಘದ ಸದಸ್ಯೆಯ ಗಂಡ ಅಡಿಕೆ ಕೊನೆ ತೆಗೆಯಲು ಮರ ಹತ್ತಿದ್ದವರು ಮೇಲಿಂದ ಬಿದ್ದರು. ಬೆನ್ನುಮೂಳೆಗೆ ಪೆಟ್ಟು. ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಸುದ್ದಿ ಗೊತ್ತಾದ ಕೂಡಲೇ ಊರಿಗೆ ಊರೇ ಆಸ್ಪತ್ರೆಗೆ ಹೋಯಿತು. ನಮ್ಮ ಸಂಘದವರೂ ವ್ಯಾನು ಮಾಡಿಕೊಂಡು ಹೋದೆವು. ಬಾಳೆಹಣ್ಣು, ಬ್ರೆಡ್ಡು, ಎಳನೀರು, ಹಾರ್ಲಿಕ್ಸ್ ಬಾಟಲಿ, ಮಂಚದ ಕೆಳಗೆ ಕಾಲಿಡಲು ಜಾಗವಿರಲಿಲ್ಲ. ಸಂಘದಿಂದ 2,000 ರೂಪಾಯಿ ಕೊಟ್ಟೆವು. ಒಂದು ಪ್ರಾರ್ಥನೆ ಮಾಡಿ, ಕಣ್ಣೀರು ಒರೆಸಿಕೊಂಡು ಬಂದೆವು. ನಮ್ಮ ಕರ್ತವ್ಯ ಮುಗಿಯಿತು ಅಂದುಕೊಂಡೆವು.

ಆಮೇಲೆ ಆಕೆ ಸಭೆಗೆ ಬರಲಿಲ್ಲ. ವಾರದ ಉಳಿತಾಯ 20 ರೂಪಾಯಿಯೂ ಬರಲಿಲ್ಲ. ಸಾಲದ ಕಂತು ನಿಂತಿತು. ಗೈರುಹಾಜರಿಗೆ ದಂಡ ಏರುತ್ತಾ ಹೋಯಿತು. ಇಬ್ಬರು ಸದಸ್ಯೆಯರು ಅವಳ ಮನೆಗೆ ಹೋಗಿ ಜಗಲಿಯ ಮೇಲೆ ಕೂತು ಕಂತಿನ ವಿಷಯ ಕೇಳಿಯೂ ಬಂದರು. ಕೊನೆಗೆ ಸಭೆಯಲ್ಲಿ "ಏನು ಮಾಡೋದು ಅಕ್ಕಾ?" ಅಂತ ನನ್ನನ್ನು ಕೇಳಿದರು. ನಾನು ಹೇಳಿದೆ, "ನಿಯಮ ಎಲ್ಲರಿಗೂ ಒಂದೇ. ಒಬ್ಬರಿಗೆ ಬಿಟ್ಟರೆ ನಾಳೆ ಎಲ್ಲರೂ ಬಿಡ್ತಾರೆ." ಆಕೆಯ ಉಳಿತಾಯವನ್ನು ಸಾಲಕ್ಕೆ ವಜಾ ಮಾಡಿ ಹೆಸರು ತೆಗೆದರು. ನಿರ್ಣಯ ಪುಸ್ತಕದಲ್ಲಿ ಅದನ್ನು ಬರೆದವಳೂ ನಾನೇ. ಆ ದಿನ ಬರೆಯುವವರು ಬಂದಿರಲಿಲ್ಲ.

ಮುಂದಿನ ಆಗಸ್ಟ್‌ನಲ್ಲಿ ನ್ಯಾಯಬೆಲೆ ಅಂಗಡಿಯ ಮುಂದೆ ಆಕೆ ಸಿಕ್ಕಳು. ಬಹಳ ಸೊರಗಿದ್ದಳು. ನನ್ನ ಮೇಲೆ ಸಿಟ್ಟಾಗಲಿಲ್ಲ. "ಯಾರೂ ಬರ್ಲಿಲ್ಲ ಅಂತ ಬೇಜಾರಿಲ್ಲಕ್ಕಾ. ಎಲ್ರೂ ಒಂದೇ ಸಲ ಬಂದುಬಿಟ್ರಲ್ಲ, ಅದೇ ಬೇಜಾರು" ಅಂದಳು. ಮೊದಲ ವಾರ ಬಂದ ಬಾಳೆಹಣ್ಣು ಕಪ್ಪಾಗಿ ಹಸುವಿಗೆ ಹಾಕಿದಳಂತೆ. ಮೂರನೇ ತಿಂಗಳಲ್ಲಿ ಮಕ್ಕಳಿಗೆ ಗಂಜಿಗೆ ಅಂಗಡಿಯಲ್ಲಿ ಅಕ್ಕಿ ಸಾಲ ತಂದಳಂತೆ. ಅಷ್ಟರಲ್ಲಿ ಆ ಹಸುವನ್ನೂ ಮಾರಿಯಾಗಿತ್ತು.

ಅದೇ ವರ್ಷ ಸೆಪ್ಟೆಂಬರ್ 27ಕ್ಕೆ ಸಂತ ವಿನ್ಸೆಂಟ್ ಡಿ ಪೌಲರ ಹಬ್ಬ. ಬಲಿಪೂಜೆಯಲ್ಲಿ ಫಾದರ್ ಹೇಳಿದ ಒಂದು ಘಟನೆ ಕೇಳಿ ನಾನು ತಲೆ ತಗ್ಗಿಸಿ ಕೂತೆ. ಆಮೇಲೆ ಹುಡುಕಿ ಓದಿಕೊಂಡೆ. ನಾಲ್ಕುನೂರು ವರ್ಷದ ಹಿಂದೆ ಫ್ರಾನ್ಸ್ ದೇಶದಲ್ಲಿ ನಡೆದದ್ದು. ಆದರೆ ನಮ್ಮ ಆ ಸಂಘಕ್ಕೆ ಅಂತಲೇ ಯಾರೋ ಬರೆದಿಟ್ಟ ಹಾಗಿದೆ.

ಶಾತಿಯೋನ್ ಊರಿನ ಹೆಂಗಸರು

ವಿನ್ಸೆಂಟರು ಹುಟ್ಟಿದ್ದು 1581ರಲ್ಲಿ, ರೈತರ ಮನೆಯಲ್ಲಿ. ಚಿಕ್ಕಂದಿನಲ್ಲಿ ಮನೆಯ ದನ ಕುರಿ ಕಾಯ್ದವರು. ಗುರುಗಳಾದ ಮೇಲೆ 1617ರಲ್ಲಿ ಕೆಲವೇ ತಿಂಗಳು ಲಿಯೋನ್ ನಗರದ ಹತ್ತಿರ ಶಾತಿಯೋನ್ ಎಂಬ ಚಿಕ್ಕ ಊರಿನ ಧರ್ಮಕೇಂದ್ರದಲ್ಲಿದ್ದರು. ಆಗಸ್ಟ್ ತಿಂಗಳ ಒಂದು ಭಾನುವಾರ ಪೂಜಾವಸ್ತ್ರ ತೊಡುತ್ತಿದ್ದಾಗ ಒಬ್ಬ ಹೆಂಗಸು ಬಂದು, ಊರಾಚೆ ಒಂಟಿ ಮನೆಯೊಂದರಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆ, ಒಬ್ಬರಿಗೊಬ್ಬರು ನೀರು ಕೊಡುವ ಸ್ಥಿತಿಯಲ್ಲೂ ಇಲ್ಲ ಅಂತ ಹೇಳಿದಳು. ಅವರು ಆ ದಿನದ ಪ್ರಬೋಧನೆಯಲ್ಲಿ ಅದನ್ನೇ ಜನರ ಮುಂದಿಟ್ಟರು.

ಸಂಜೆ ಪ್ರಾರ್ಥನೆ ಮುಗಿಸಿ ತಾವೂ ಆ ಮನೆಗೆ ಹೊರಟರೆ ದಾರಿಯುದ್ದಕ್ಕೂ ಹೆಂಗಸರೇ ಹೆಂಗಸರು. ಕೆಲವರು ಹೋಗುತ್ತಿದ್ದಾರೆ, ಕೆಲವರು ವಾಪಸು ಬರುತ್ತಿದ್ದಾರೆ. ಬಿಸಿಲಿಗೆ ಸುಸ್ತಾಗಿ ಕೆಲವರು ದಾರಿ ಬದಿಯಲ್ಲಿ ಕೂತಿದ್ದಾರೆ. ಜಾತ್ರೆಗೆ ಹೋದ ಹಾಗೆ. ಬೇರೆ ಯಾರಾದರೂ ಆಗಿದ್ದರೆ, ಆಹಾ, ನನ್ನ ಮಾತು ಎಷ್ಟು ಫಲ ಕೊಟ್ಟಿತು ಅಂತ ಹಿಗ್ಗುತ್ತಿದ್ದರು. ವಿನ್ಸೆಂಟರು ಯೋಚನೆಗೆ ಬಿದ್ದರು. ಇಷ್ಟೊಂದು ಪ್ರೀತಿ, ಆದರೆ ವ್ಯವಸ್ಥೆ ಇಲ್ಲ. ಇವತ್ತು ಬೇಕಾದ್ದಕ್ಕಿಂತ ಹೆಚ್ಚು ಬಂತು, ಒಂದಷ್ಟು ಕೆಟ್ಟುಹೋಗುತ್ತದೆ, ನಾಲ್ಕು ದಿನ ಬಿಟ್ಟರೆ ಆ ಮನೆ ಮತ್ತೆ ಮೊದಲಿನ ಹಾಗೇ.

ಆ ಬಾಳೆಹಣ್ಣಿನ ಗೊನೆ ಆಗ ನನ್ನ ಕಣ್ಣ ಮುಂದೆ ಬಂತು.

ಅವರು ಹೆಂಗಸರನ್ನು ಬೈಯಲಿಲ್ಲ. ಅದೇ ವಾರ, ಆಗಸ್ಟ್ 23ರಂದು, ಮನಸ್ಸಿದ್ದ ಕೆಲವು ಹೆಂಗಸರನ್ನು ಕೂರಿಸಿಕೊಂಡು ಮಾತಾಡಿದರು. ಒಬ್ಬೊಬ್ಬರಿಗೆ ಒಂದೊಂದು ದಿನ. ಎಲ್ಲರ ಸರದಿ ಮುಗಿದ ಮೇಲೆ ಮತ್ತೆ ಮೊದಲಿನವರಿಂದ ಶುರು. ಸರದಿಯವರಿಗೆ ಹುಷಾರಿಲ್ಲದಿದ್ದರೆ ಮುಖ್ಯಸ್ಥೆಗೆ ತಿಳಿಸಬೇಕು, ಆಕೆ ಬೇರೆಯವರನ್ನು ಗೊತ್ತುಮಾಡುತ್ತಾಳೆ. ಆ ವರ್ಷ ನವೆಂಬರ್‌ನಲ್ಲಿ ಲಿಯೋನ್ ಮಹಾಧರ್ಮಪ್ರಾಂತ್ಯ ಅವರ ನಿಯಮಾವಳಿಗೆ ಒಪ್ಪಿಗೆ ಕೊಟ್ಟಿತು. ಡಿಸೆಂಬರ್ 8ರಂದು ಸಂಘ ವಿಧಿವತ್ತಾಗಿ ಆರಂಭವಾಯಿತು.

ಆ ನಿಯಮಗಳನ್ನು ಓದಿದರೆ ನಮ್ಮ ಸಂಘದ ಪುಸ್ತಕ ಓದಿದ ಹಾಗೇ ಆಗುತ್ತದೆ. ಒಬ್ಬ ಮುಖ್ಯಸ್ಥೆ, ಒಬ್ಬ ಖಜಾಂಚಿ. ಹಣದ ಪೆಟ್ಟಿಗೆಗೆ ಎರಡು ಬೇರೆ ಬೇರೆ ಬೀಗ, ಒಂದರ ಕೀಲಿ ಮುಖ್ಯಸ್ಥೆಯ ಹತ್ತಿರ, ಇನ್ನೊಂದು ಖಜಾಂಚಿಯ ಹತ್ತಿರ. ಅರ್ಜೆಂಟ್ ಖರ್ಚಿಗೆ ಮಾತ್ರ ಒಂದು ನಾಣ್ಯ ಖಜಾಂಚಿಯ ಕೈಯಲ್ಲಿ. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಕೀಲಿ ಇನ್ನೊಬ್ಬರ ಮನೆಯಲ್ಲಿ ಇಡುವ ನಮಗೆ ಇದು ಹೊಸದೇನಲ್ಲ. ಹೆಂಗಸರ ಕೈಗೆ ಹಣ ಕೊಟ್ಟರೆ ಲೆಕ್ಕ ನಿಲ್ಲುವುದಿಲ್ಲ ಅಂತ ಹೇಳುವವರು ಆಗಲೂ ಇದ್ದರು. ಹಲವು ವರ್ಷ ಈ ಸಂಘಗಳನ್ನು ನೋಡಿದ ಮೇಲೆ ವಿನ್ಸೆಂಟರು, ಹಣದ ವಿಷಯದಲ್ಲಿ ಹೆಂಗಸರ ಮೇಲೆ ಹೇಳುವಂಥ ದೂರೇ ಇಲ್ಲ, ಅಷ್ಟು ಜಾಗ್ರತೆ, ಅಷ್ಟು ಪ್ರಾಮಾಣಿಕತೆ ಅಂತ ಬರೆದಿಟ್ಟಿದ್ದಾರೆ. ಮನೆಯಲ್ಲಿ ಯಾರಾದರೂ ಸಂಘದ ಬಗ್ಗೆ ಹಗುರವಾಗಿ ಮಾತಾಡಿದರೆ ಇದನ್ನು ಹೇಳಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಊಟ ಬಡಿಸುವ ಬಗ್ಗೆ ಬರೆದ ಭಾಗ. ಊಟ ತಂದವಳು ನಗುಮುಖದಿಂದ ಮಾತಾಡಿಸಬೇಕು. ಬಟ್ಟೆ ಹಾಸಿ, ಲೋಟ, ಚಮಚ, ರೊಟ್ಟಿ ಇಟ್ಟು, ರೋಗಿಯ ಕೈ ತೊಳೆಸಬೇಕು. ಊಟದ ಪ್ರಾರ್ಥನೆ ಹೇಳಬೇಕು. ಮಾಂಸವನ್ನು ಚಿಕ್ಕದಾಗಿ ಕತ್ತರಿಸಿ ಕೊಡಬೇಕು. ತನ್ನ ಸ್ವಂತ ಮಗನಿಗೆ, ಅಲ್ಲ, ದೇವರಿಗೇ ಬಡಿಸುತ್ತಿದ್ದೇನೆ ಅನ್ನುವಷ್ಟು ಪ್ರೀತಿಯಿಂದ ಮಾಡಬೇಕು. ಇನ್ನೊಂದು ಮಾತಿದೆ. ಹಲವು ರೋಗಿಗಳಿದ್ದರೆ, ಜೊತೆಗೆ ಯಾರಾದರೂ ಇರುವ ರೋಗಿಯ ಮನೆಗೆ ಮೊದಲು ಹೋಗಬೇಕು, ಯಾರೂ ಇಲ್ಲದ ಒಂಟಿಯ ಮನೆಗೆ ಕೊನೆಗೆ ಹೋಗಬೇಕು. ಯಾಕೆ? ಕೊನೆಗೆ ಹೋದರೆ ಅಲ್ಲಿ ಹೆಚ್ಚು ಹೊತ್ತು ಕೂರಬಹುದು.

ನಾವು ಯಾವಾಗಲೂ ತಿರುಗಾ ಮುರುಗಾ ಮಾಡುತ್ತೇವೆ. ಒಂಟಿ ಮುದುಕಿಯ ಮನೆಗೆ ಹೋಗಿ ಪೊಟ್ಟಣ ಕೊಟ್ಟು, "ಬರ್ತೀನಜ್ಜಿ, ಕೆಲಸ ಇದೆ" ಅಂತ ಓಡುತ್ತೇವೆ. ನೆಂಟರು ತುಂಬಿದ ಮನೆಯಲ್ಲಿ ಕಾಫಿ ಕುಡಿದು ಒಂದು ಗಂಟೆ ಕೂರುತ್ತೇವೆ.

ಹಾಗಂತ ಎಲ್ಲ ಸುಸೂತ್ರವಾಗಿ ನಡೆಯಿತು ಅಂತಲ್ಲ. ಈ ಸಂಘಗಳು ಪ್ಯಾರಿಸ್ ನಗರಕ್ಕೆ ಬಂದಾಗ ಶ್ರೀಮಂತ ಮನೆಯ ಹೆಂಗಸರು ಸೇರಿದರು. ರೋಗಿಯ ಹಾಸಿಗೆ ಮುಟ್ಟಲು ಅವರಿಗೆ ಕಷ್ಟ. ತಮ್ಮ ಸರದಿಗೆ ಮನೆಕೆಲಸದವರನ್ನು ಕಳಿಸತೊಡಗಿದರು. ಆಗ ಸುರೇನ್ ಎಂಬ ಹಳ್ಳಿಯಿಂದ ಮಾರ್ಗರಿತ್ ನಸೋ ಎಂಬ ಹುಡುಗಿ ಬಂದಳು. ದನ ಕಾಯುವವಳು. ಒಂದು ಅಕ್ಷರಮಾಲೆ ಪುಸ್ತಕ ಕೊಂಡು, ದಾರಿಯಲ್ಲಿ ಹೋಗುವವರನ್ನು ಇದು ಯಾವ ಅಕ್ಷರ ಅಂತ ಕೇಳಿ ಕೇಳಿ ಓದಲು ಕಲಿತವಳು. ಬಡರೋಗಿಗಳ ಸೇವೆ ನಾನು ಮಾಡುತ್ತೇನೆ ಅಂದಳು. ಪ್ಲೇಗ್ ತಗುಲಿದ ಒಬ್ಬ ಹೆಂಗಸಿಗೆ ತನ್ನ ಹಾಸಿಗೆಯಲ್ಲೇ ಜಾಗ ಕೊಟ್ಟು, ಅದೇ ರೋಗದಿಂದ 1633ರಲ್ಲಿ ತೀರಿಕೊಂಡಳು. ಅದೇ ವರ್ಷ ನವೆಂಬರ್ 29ರಂದು ಸಂತ ವಿನ್ಸೆಂಟರು ಮತ್ತು ವಿಧವೆಯಾಗಿದ್ದ ಸಂತ ಲೂಯೀಸ್ ದ ಮರಿಲಾಕ್ ಸೇರಿ ಕಟ್ಟಿದ 'ಡಾಟರ್ಸ್ ಆಫ್ ಚಾರಿಟಿ' ಸಿಸ್ಟರುಗಳ ಸಂಸ್ಥೆ ಮಾರ್ಗರಿತಳನ್ನೇ ತನ್ನ ಮೊದಲನೆಯವಳು ಅಂತ ನೆನೆಯುತ್ತದೆ. ನಮ್ಮ ಅನೇಕ ಧರ್ಮಕೇಂದ್ರಗಳಲ್ಲಿ ಇರುವ ವಿನ್ಸೆಂಟ್ ಡಿ ಪೌಲ್ ಸಭೆ ಇದಕ್ಕಿಂತ ಬೇರೆ. ಅದು 1833ರಲ್ಲಿ ಫ್ರೆಡರಿಕ್ ಓಝನಾಮ್ ಮತ್ತು ಅವರ ಗೆಳೆಯರು ಪ್ಯಾರಿಸ್‌ನಲ್ಲಿ ಶುರುಮಾಡಿದ್ದು, ಇದೇ ಸಂತರ ಹೆಸರಿನಲ್ಲಿ.

ಶುಭಸಂದೇಶ ಏನು ಹೇಳುತ್ತದೆ?

ದಯಾಳು ಸಮಾರಿಯದವನ ಸಾಮತಿ ಎಲ್ಲರಿಗೂ ಗೊತ್ತು. ಜೆರುಸಲೇಮಿನಿಂದ ಜೆರಿಕೋಗೆ ಹೋಗುವ ದಾರಿಯಲ್ಲಿ ಕಳ್ಳರು ಹೊಡೆದು ಹಾಕಿದವನನ್ನು ಎತ್ತಿ, ಗಾಯಕ್ಕೆ ಎಣ್ಣೆ ಹಚ್ಚಿ, ಛತ್ರಕ್ಕೆ ಸೇರಿಸಿದವನು. ನಾವು ಸಾಮಾನ್ಯವಾಗಿ ಅಲ್ಲಿಗೇ ನಿಲ್ಲಿಸುತ್ತೇವೆ. ಸಂತ ಲೂಕರು ನಿಲ್ಲಿಸುವುದಿಲ್ಲ. ಆತ ರಾತ್ರಿ ಅಲ್ಲೇ ಉಳಿದ. ಮರುದಿನ ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟ. ಆಗ ಒಂದು ನಾಣ್ಯವೆಂದರೆ ಒಂದು ದಿನದ ಕೂಲಿ. ಇನ್ನೂ ಖರ್ಚಾದರೆ ವಾಪಸು ಬರುವಾಗ ಕೊಡುತ್ತೇನೆ ಅಂದ. ಅಂದರೆ ಮತ್ತೆ ಬರುತ್ತೇನೆ ಅಂತ ಮಾತು ಕೊಟ್ಟ. ಯೇಸುಸ್ವಾಮಿ ನೀನೂ ಹೋಗಿ ಹಾಗೆಯೇ ಮಾಡು ಅಂತ ಹೇಳಿದ್ದರಲ್ಲಿ ಈ ಎರಡನೇ ಸಲ ಬರುವುದೂ ಸೇರಿದೆ.

ಇನ್ನೊಂದು ವಿಷಯ. ಸಮಾರಿಯದವರಿಗೂ ಯೆಹೂದ್ಯರಿಗೂ ಆಗುತ್ತಿರಲಿಲ್ಲ. ಆತ ಬಿದ್ದವನ ಜಾತಿ ಧರ್ಮ ಕೇಳಲಿಲ್ಲ. ನಮ್ಮ ಸಂಘಗಳಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಸಹೋದರಿಯರು ಒಟ್ಟಿಗೆ ಕೂರುತ್ತೇವೆ. ಅಲ್ಲಿ ಕ್ರೈಸ್ತಳ ಜವಾಬ್ದಾರಿ ಅಂದರೆ ತನ್ನವರಿಗೆ ಮೊದಲು ಅಂತಲ್ಲ. ಸಹಾಯ ಮಾಡಿ ಯಾರನ್ನೋ ತನ್ನ ಧರ್ಮಕ್ಕೆ ಸೆಳೆಯುವುದೂ ಅಲ್ಲ. ಜಗದ್ಗುರು ಹದಿನಾರನೇ ಬೆನೆಡಿಕ್ಟರು 2005ರ ತಮ್ಮ ಮೊದಲ ವಿಶ್ವಪತ್ರದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ: ಪ್ರೀತಿಗೆ ಬೆಲೆ ಕಟ್ಟುವಂತಿಲ್ಲ, ಬೇರೆ ಉದ್ದೇಶ ಇಟ್ಟುಕೊಂಡು ಮಾಡುವಂತಿಲ್ಲ.

ಪ್ರೇಷಿತರ ಕಾಲದಲ್ಲೂ ನಮ್ಮ ಸಂಘದಂಥ ಜಗಳ ನಡೆದಿತ್ತು ಅಂದರೆ ನಂಬುತ್ತೀರಾ? ಜೆರುಸಲೇಮಿನಲ್ಲಿ ದಿನಾ ಬಡವರಿಗೆ ಹಂಚುತ್ತಿದ್ದರು. ಗ್ರೀಕ್ ಮಾತಾಡುವ ವಿಧವೆಯರನ್ನು ಮಾತ್ರ ಕಡೆಗಣಿಸುತ್ತಿದ್ದಾರೆ ಅಂತ ದೂರು ಬಂತು. ಪ್ರೇಷಿತರು ಸುಮ್ಮನಿರಿ ಅನ್ನಲಿಲ್ಲ. ಎಲ್ಲರನ್ನೂ ಸಭೆ ಸೇರಿಸಿ, ಅದಕ್ಕೆಂದೇ ಏಳು ಜನರನ್ನು ಆರಿಸಿದರು. ಸಂತ ಸ್ತೇಫನರು ಅವರಲ್ಲೊಬ್ಬರು. ಸಂತ ಪೌಲರಂತೂ ಜೆರುಸಲೇಮಿನ ಬಡವರಿಗಾಗಿ ಪ್ರತಿ ವಾರದ ಮೊದಲ ದಿನ ಅವರವರ ಶಕ್ತಿಯಷ್ಟು ಎತ್ತಿಡಿ, ನಾನು ಬಂದಾಗ ಒಮ್ಮೆಲೇ ವಸೂಲಿ ಬೇಡ ಅಂತ ಕೊರಿಂಥದವರಿಗೆ ಬರೆದರು. ವಾರದ ಉಳಿತಾಯ!

ಸಾಲದ ವಿಷಯಕ್ಕೂ ಬೈಬಲ್ಲಿನಲ್ಲಿ ಮಾತಿದೆ. ವಿಮೋಚನಾಕಾಂಡದಲ್ಲಿ ಬಡವರಿಂದ ಬಡ್ಡಿ ತೆಗೆದುಕೊಳ್ಳಬಾರದು ಅಂತ ಇದೆ. ಧರ್ಮೋಪದೇಶಕಾಂಡದಲ್ಲಿ ಇನ್ನೂ ಸೂಕ್ಷ್ಮ. ಸಾಲ ಕೊಟ್ಟವನು ಒತ್ತೆ ತರಲು ಸಾಲಗಾರನ ಮನೆಯೊಳಗೆ ನುಗ್ಗಬಾರದು, ಹೊರಗೆ ನಿಲ್ಲಬೇಕು. ಅವನು ತೀರಾ ಬಡವನಾದರೆ ಒತ್ತೆ ಇಟ್ಟ ಹೊದಿಕೆಯನ್ನು ಸೂರ್ಯ ಮುಳುಗುವ ಮೊದಲು ವಾಪಸು ಕೊಡಬೇಕು. ನಮ್ಮವರು ಇಬ್ಬರು ಆಕೆಯ ಜಗಲಿಯ ಮೇಲೆ ಹೋಗಿ ಕೂತದ್ದು ನೆನಪಿದೆಯಲ್ಲ? ಬಲವಂತದ ವಸೂಲಿ ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಮೈಕ್ರೋ ಫೈನಾನ್ಸ್ ಸಾಲಗಳ ಮೇಲೆ ಕಾನೂನು ಬಂತು. ಮನೆ ಮುಂದೆ ಕೂತು ಮರ್ಯಾದೆ ತೆಗೆಯುವವರಿಂದ ನಮ್ಮ ಹೆಂಗಸರು ಎಷ್ಟು ನೊಂದಿದ್ದಾರೆ ನಮಗೇ ಗೊತ್ತು. ಹಾಗಿರುವಾಗ ನಾವೂ ಅದನ್ನೇ ಮಾಡಿದರೆ ಸ್ವಸಹಾಯ ಅಂತ ಹೆಸರು ಯಾಕೆ?

ಆ ಸಂಘ ಆಮೇಲೆ ಏನು ಮಾಡಿತು

2023ರ ಅಕ್ಟೋಬರ್‌ನ ಒಂದು ಗುರುವಾರ ನಾನು ಸಭೆಯಲ್ಲಿ ಶಾತಿಯೋನ್ ಕಥೆ ಹೇಳಿದೆ. ನನ್ನ ತಪ್ಪನ್ನೂ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬಾಕೆ, "ನಿಯಮ ಮುರಿದರೆ ಸಂಘ ಉಳಿಯುತ್ತಾ?" ಅಂದಳು. ಅವಳ ಮಾತೂ ಸರಿಯೇ. ವಸೂಲಿ ನಿಂತರೆ ಬ್ಯಾಂಕಿನವರು ಮುಂದಿನ ಸಾಲ ಕೊಡುವುದಿಲ್ಲ, ನಷ್ಟ ಎಲ್ಲರಿಗೂ. ಒಂದೂವರೆ ಗಂಟೆ ಚರ್ಚೆ ಆಯಿತು. ಕೊನೆಗೆ ನಿಯಮ ಮುರಿಯುವುದು ಬೇಡ, ಇನ್ನೊಂದು ನಿಯಮ ಸೇರಿಸೋಣ ಅಂತಾಯಿತು. ಮನೆಯಲ್ಲಿ ಸಾವು, ದೊಡ್ಡ ಕಾಯಿಲೆ, ಅಪಘಾತ ಆದರೆ ಆರು ತಿಂಗಳು ಉಳಿತಾಯ, ದಂಡ ಎರಡೂ ಇಲ್ಲ. ಸಾಲದ ಮೇಲೆ ಬಡ್ಡಿಯೂ ನಿಲ್ಲುತ್ತದೆ. ಲೆಕ್ಕ ಹಾಕಿ ನೋಡಿ. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿಯಾದರೆ 5,000 ರೂಪಾಯಿ ಸಾಲಕ್ಕೆ ಆರು ತಿಂಗಳಿಗೆ 600 ರೂಪಾಯಿ. ಹದಿನಾರು ಜನರ ಸಂಘಕ್ಕೆ ಒಬ್ಬೊಬ್ಬರ ಪಾಲಿಗೆ 40 ರೂಪಾಯಿಯೂ ಬರುವುದಿಲ್ಲ. ಆ ಮನೆಗೆ ಮಾತ್ರ ಅದು ದೊಡ್ಡ ಮೊತ್ತ.

ಜೊತೆಗೆ ಹಿಡಿ ಅಕ್ಕಿ. ಮಿಜೋರಾಂನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ತೆಗೆದಿಡುವ ಪದ್ಧತಿಯನ್ನು 1910ರಲ್ಲಿ ಶುರುಮಾಡಿದರು, ಇವತ್ತಿಗೂ ಬಿಟ್ಟಿಲ್ಲ. ನಮ್ಮವರು ದಿನಕ್ಕೊಂದು ಹಿಡಿ ಅಂತ ಇಟ್ಟುಕೊಂಡರು. ಸಭೆಗೆ ಬರುವಾಗ ತರುತ್ತಾರೆ. ಅದು ಯಾರಿಗೆ ಹೋಗುತ್ತದೆ ಅಂತ ನಿರ್ಣಯ ಪುಸ್ತಕದಲ್ಲಿ ಬರೆಯುತ್ತಾರೆ, ಹೊರಗೆ ಹೇಳುವುದಿಲ್ಲ. ಕೊಡುವಾಗ ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವಂತಿಲ್ಲ ಅಂತಲೂ ತೀರ್ಮಾನ ಮಾಡಿದರು. ಇದು ನನಗೆ ತುಂಬಾ ಸಮಾಧಾನ ಕೊಟ್ಟಿತು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಯೇಸುಸ್ವಾಮಿ ಹೇಳಿದ್ದಾರೆ, ನಾವು ಇಡೀ ತಾಲ್ಲೂಕಿಗೆ ಗೊತ್ತುಮಾಡುತ್ತೇವೆ.

ಆದರೆ ಅಕ್ಕಿ, ಹಣ ಎರಡಕ್ಕಿಂತ ಸರದಿಯಿಂದಲೇ ಹೆಚ್ಚು ಉಪಕಾರವಾಯಿತು. ಬೆನ್ನುಮೂಳೆ ಪೆಟ್ಟಾಗಿ ಮಲಗಿದವರನ್ನು ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಹಾಸಿಗೆ ಹುಣ್ಣಾಗುತ್ತದೆ. ಅದಕ್ಕೇ ಆಕೆ ಕೂಲಿಗೆ ಹೋಗುವ ಹಾಗಿರಲಿಲ್ಲ. ಈಗ ವಾರದಲ್ಲಿ ನಾಲ್ಕು ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಇಬ್ಬರಿಬ್ಬರು ಸದಸ್ಯೆಯರು ಸರದಿಯ ಮೇಲೆ ಹೋಗುತ್ತಾರೆ. ಗಂಡಸರ ಮಗ್ಗುಲು ಬದಲಿಸುವುದು ಹೇಗೆ ಅಂತ ಸಂಕೋಚವಿತ್ತು. ಒಬ್ಬ ಸದಸ್ಯೆಯ ಮಗ ಮತ್ತು ಅವನ ಗೆಳೆಯ ಆ ಕೆಲಸಕ್ಕೆ ಒಪ್ಪಿದರು. ಆ ನಾಲ್ಕು ದಿನ ಆಕೆ ಕೆಲಸಕ್ಕೆ ಹೋಗುತ್ತಾಳೆ. ಪಂಚಾಯಿತಿಯಲ್ಲಿ ಅಂಗವಿಕಲರಿಗಾಗಿ ಇರುವ ಪುನರ್ವಸತಿ ಕಾರ್ಯಕರ್ತರನ್ನು ಕಂಡು, ವೈದ್ಯಕೀಯ ಪ್ರಮಾಣಪತ್ರ ಮಾಡಿಸಿ, ನಾಡಕಚೇರಿಯಲ್ಲಿ ಪಿಂಚಣಿಗೆ ಅರ್ಜಿ ಹಾಕಿಸಿದ್ದೂ ಸರದಿಯವರೇ. ಹತ್ತು ತಿಂಗಳು ಯಾರೂ ಈ ಮಾತನ್ನೇ ಎತ್ತಿರಲಿಲ್ಲ. ಆಸ್ಪತ್ರೆಗೆ ಹೋಗಿದ್ದ ನಾನೂ ಎತ್ತಿರಲಿಲ್ಲ. ಎರಡು ಸಾವಿರ ರೂಪಾಯಿ ಕೊಟ್ಟದ್ದಕ್ಕಿಂತ ಆ ಒಂದು ಅರ್ಜಿ ತುಂಬಿಸಿದ್ದರೆ ಎಷ್ಟೋ ಉಪಕಾರವಾಗುತ್ತಿತ್ತು.

ನಿಮ್ಮ ಸಂಘದಲ್ಲೂ ಮುಂದಿನ ಸಭೆಯಲ್ಲಿ ಹಳೆಯ ಹಾಜರಿ ಪುಸ್ತಕ ತೆಗೆದು ನೋಡಿ. ಹೆಸರಿನ ಮೇಲೆ ಗೆರೆ ಎಳೆದವರು ಯಾರ್ಯಾರು? ಯಾಕೆ ಬಿಟ್ಟರು? ಅವರ ಜೊತೆಗೆ, 20 ರೂಪಾಯಿ ಕಟ್ಟಲು ಆಗುವುದಿಲ್ಲ ಅಂತ ಮೊದಲಿಂದಲೂ ಸಂಘಕ್ಕೇ ಸೇರದವರು ನಿಮ್ಮ ಬೀದಿಯಲ್ಲಿ ಯಾರಿದ್ದಾರೆ? ಸಂಘಗಳು ಬಡವರಿಗಾಗಿ ಅಂತ ಹೇಳುತ್ತೇವೆ, ಆದರೆ ತೀರಾ ಬಡವಳು ಬಾಗಿಲ ಹೊರಗೇ ಉಳಿಯುವುದು ನಮ್ಮ ಊರುಗಳಲ್ಲಿ ಸಾಮಾನ್ಯ. ಹಣಕ್ಕೆ ಒಕ್ಕೂಟವನ್ನು ಕೇಳಿ. ಸಂಜೀವಿನಿ ಒಕ್ಕೂಟಗಳಲ್ಲಿ ಇಂಥ ಕಷ್ಟದ ಮನೆಗಳಿಗೆಂದೇ ನಿಧಿ ಇಡುವ ವ್ಯವಸ್ಥೆ ಇದೆ. ಸರದಿಗೆ ಮಾತ್ರ ಯಾರ ನಿಧಿಯೂ ಬೇಡ.

ಆಕೆ ಈಗ ಮತ್ತೆ ಸಂಘದ ಸದಸ್ಯೆ. ಊರ ಕೊನೆಯಲ್ಲಿ ಕಣ್ಣು ಕಾಣದ ಒಬ್ಬ ಅಜ್ಜಿ ಇದ್ದಾರೆ, ಅವರ ಮನೆಗೆ ಗುರುವಾರ ಸಂಜೆಯ ಸರದಿಯನ್ನು ತಾನೇ ಕೇಳಿ ತೆಗೆದುಕೊಂಡಿದ್ದಾಳೆ. ಸಭೆಯೂ ಗುರುವಾರ ಸಂಜೆಯೇ. ಅಜ್ಜಿಗೆ ಊಟ ಮಾಡಿಸಿ, ಅವರ ಮಾತು ಮುಗಿಯುವವರೆಗೆ ಕೂತು ಬರುವಷ್ಟರಲ್ಲಿ ಇಲ್ಲಿ ಪ್ರಾರ್ಥನೆ ಮುಗಿದು ಉಳಿತಾಯ ಬರೆಯುತ್ತಿರುತ್ತಾರೆ. ತಡವಾಗಿ ಬಂದವರಿಗೆ ಐದು ರೂಪಾಯಿ ದಂಡ ಈಗಲೂ ಇದೆ. ಗುರುವಾರದ ಸರದಿಯವರಿಗೆ ಮಾತ್ರ ಇಲ್ಲ ಅಂತ ನಿರ್ಣಯ ಪುಸ್ತಕದಲ್ಲಿ ಬರೆದಿದ್ದಾರೆ.